ಮೇಜಿನ ಆಟ, ಯಂತ್ರದ ಆಟ: ವರ್ತಕರಿಗೊಂದು ಪಾಠ

ಹೊಸ ಯಂತ್ರವೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ಹಳೆಯ ಕಸುಬಿಗೆ ಉಳಿಗಾಲವಿಲ್ಲವೆಂಬ ಮಾತು ವಾಣಿಜ್ಯ ವಲಯದಲ್ಲಿ ಕೇಳಿಬರುತ್ತದೆ. ಕೆಲವು ಕಸುಬುಗಳ ಮಟ್ಟಿಗೆ ಅದು ನಿಜವೂ ಆಗಿದೆ. ಆದರೆ ಯಂತ್ರವು ಒಂದು ಸರಕಿನ ಯಾವ ಅಂಶವನ್ನು ಕಸಿದುಕೊಳ್ಳುತ್ತದೆ, ಯಾವುದನ್ನು ಬಿಟ್ಟುಹೋಗುತ್ತದೆ ಎಂಬುದನ್ನು ವಿವೇಚಿಸದೆ ಅಂಗಡಿ ಮುಚ್ಚುವ ಆಲೋಚನೆಗೆ ಇಳಿಯುವುದು ಜಾಣತನವಲ್ಲ. ಅಮೆರಿಕದಲ್ಲಿ ಹುಟ್ಟಿ ಅರ್ಧ ಶತಮಾನ ಕಳೆದಿರುವ ಒಂದು ಆಟದ ವ್ಯಾಪಾರ ಚರಿತ್ರೆ ಈ ವಿವೇಚನೆಗೆ ಒಳ್ಳೆಯ ನಿದರ್ಶನ.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಗೆಳೆಯ ಡಾನ್ ಕೇ 1973ರಲ್ಲಿ ಅಲ್ಪ ಬಂಡವಾಳದಿಂದ ಟಿಎಸ್‌ಆರ್ ಎಂಬ ಸಂಸ್ಥೆಯನ್ನು ಕಟ್ಟಿದರು. ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ರೂಪಿಸಿದ ಈ ಆಟವು 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ 10 ಡಾಲರ್ ಬೆಲೆಗೆ ಹೊರಬಂದಿತು. ಮೊದಲ ಮುದ್ರಣ ಕೇವಲ 1,000 ಪ್ರತಿ. ಪೆಟ್ಟಿಗೆಗಳನ್ನು ಮನೆಯಲ್ಲಿಯೇ ಕೈಯಿಂದ ಜೋಡಿಸಲಾಯಿತು.

ಆಟದ ಕ್ರಮ ಸರಳ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ನಿರ್ವಾಹಕನಾಗಿ ನೆಲಮಾಳಿಗೆಯ ಸುರಂಗ, ಅಲ್ಲಿನ ನಿಧಿ, ಕಾವಲು ಕಾಯುವ ರಾಕ್ಷಸರನ್ನು ವರ್ಣಿಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರಗಳನ್ನು ವಹಿಸಿ ತಾವೇನು ಮಾಡುವೆವೆಂದು ಹೇಳುತ್ತಾರೆ. ಫಲಿತಾಂಶವು ಅನಿಶ್ಚಿತವಾದಾಗ ದಾಳ ಉರುಳುತ್ತದೆ. ಇಪ್ಪತ್ತು ಮುಖಗಳ ದಾಳವೇ ಈ ಆಟದ ಗುರುತಾಗಿದೆ.

ಯಂತ್ರದ ಪ್ರವೇಶ

ಕಂಪ್ಯೂಟರ್ ಈ ವ್ಯಾಪಾರಕ್ಕೆ ತಡವಾಗಿ ಬಂದ ಎದುರಾಳಿಯಲ್ಲ. ಪೆಟ್ಟಿಗೆ ಮಾರಾಟಕ್ಕೆ ಬಂದ ಮರುವರ್ಷವೇ, ಅಂದರೆ 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರ್ ಜಾಲದಲ್ಲಿ ಸುರಂಗ ಸಾಹಸದ ಆಟಗಳು ಕಾಣಿಸಿಕೊಂಡವು. 1980ರ ‘ರೋಗ್’ ಆಟದಲ್ಲಿ ಯಂತ್ರವೇ ಪ್ರತಿ ಬಾರಿಯೂ ಹೊಸ ಸುರಂಗವನ್ನು ರಚಿಸತೊಡಗಿತು. 1981ರಲ್ಲಿ ‘ಅಲ್ಟಿಮಾ’ ಮತ್ತು ‘ವಿಝರ್ಡ್ರಿ’ ಬಂದವು. 1996ರಲ್ಲಿ ‘ಡಯಾಬ್ಲೊ’ ಬಂದಿತು. ಇವೆಲ್ಲವುಗಳ ಮೂಲದಲ್ಲಿ ಮೇಜಿನ ಆಟದ ಕಲ್ಪನೆಯೇ ಇತ್ತು.

ವ್ಯಾಪಾರದ ಲೆಕ್ಕದಲ್ಲಿ ಯಂತ್ರದ ಅನುಕೂಲಗಳು ಸ್ಪಷ್ಟ. ಗುಣಾಕಾರ, ಕೂಡುವಿಕೆಯ ಶ್ರಮ ಅದರಲ್ಲಿಲ್ಲ. ನಾಲ್ವರ ಬಿಡುವನ್ನು ಹೊಂದಿಸಬೇಕಾಗಿಲ್ಲ. ನಡುರಾತ್ರಿಯಲ್ಲಿಯೂ ಒಬ್ಬನೇ ಆಡಬಹುದು. ಎಲ್ಲ ಗ್ರಾಹಕರಿಗೂ ಒಂದೇ ಗುಣಮಟ್ಟ. ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ: ಮೇಜಿನ ಸುತ್ತ ಕುಳಿತ ಐವರಲ್ಲಿ ಹೆಚ್ಚಿನ ಪುಸ್ತಕಗಳನ್ನು ಕೊಳ್ಳುವವನು ಸಾಮಾನ್ಯವಾಗಿ ನಿರ್ವಾಹಕನೊಬ್ಬನೇ. ಕಂಪ್ಯೂಟರ್ ಆಟದಲ್ಲಿಯಾದರೋ ಆಡುವ ಪ್ರತಿಯೊಬ್ಬನೂ ಗ್ರಾಹಕ. ಇಷ್ಟನ್ನು ನೋಡಿದವರು ಮೇಜಿನ ಆಟ ಮುಗಿಯಿತೆಂದು ತೀರ್ಮಾನಿಸಿದ್ದರೆ ಅಚ್ಚರಿಯಿಲ್ಲ.

ಆದರೂ ಅದು ಮುಗಿಯಲಿಲ್ಲ. ಸುರಂಗದ ಬಾಗಿಲೊಂದನ್ನು ಕಾವಲುಗಾರ ಕಾಯುತ್ತಿದ್ದಾನೆಂದು ಭಾವಿಸೋಣ. ಯಂತ್ರದ ಆಟದಲ್ಲಿ ತಯಾರಕರು ಮುಂಚೆಯೇ ಯೋಚಿಸಿಟ್ಟ ಮಾರ್ಗಗಳಷ್ಟೇ ತೆರೆದಿರುತ್ತವೆ. ಮೇಜಿನ ಆಟದಲ್ಲಿ ಆಟಗಾರನು ಕಾವಲುಗಾರನ ಊರು ಕೇಳಬಹುದು, ಲಂಚ ಕೊಡಬಹುದು, ಗೋಡೆಯನ್ನೇ ಒಡೆಯಲು ಹೊರಡಬಹುದು, ಅಥವಾ ಆ ಬಾಗಿಲಿನ ಗೊಡವೆಯೇ ಬೇಡವೆಂದು ಹಿಂದಿರುಗಬಹುದು. ಎದುರು ಕುಳಿತ ನಿರ್ವಾಹಕ ಆ ಕ್ಷಣದಲ್ಲಿಯೇ ಅದಕ್ಕೆ ಉತ್ತರ ಕೊಡುತ್ತಾನೆ. ಯಂತ್ರವು ಲೆಕ್ಕವನ್ನೂ ಚಿತ್ರವನ್ನೂ ತೆಗೆದುಕೊಂಡಿತು. ಎದುರಿಗಿರುವ ಮನುಷ್ಯನನ್ನು ಅರಿತು ಉತ್ತರಿಸುವ ಕೆಲಸ ಮೇಜಿನ ಬಳಿಯೇ ಉಳಿಯಿತು.

ದಾಸ್ತಾನಿನ ಹೊರೆ

ಟಿಎಸ್‌ಆರ್ ಸಂಸ್ಥೆ 1990ರ ದಶಕದ ಕೊನೆಯ ವೇಳೆಗೆ ಕುಸಿದದ್ದು ನಿಜ. ಅದರ ಹೊಣೆಯನ್ನು ಕಂಪ್ಯೂಟರಿನ ಮೇಲೆ ಹೊರಿಸುವುದು ಸುಲಭ, ಆದರೆ ಸರಿಯಲ್ಲ. ಸಂಸ್ಥೆಯು ಒಂದರ ಮೇಲೊಂದರಂತೆ ಕಥಾಲೋಕಗಳನ್ನು ಹೊರತಂದು ತನ್ನ ಗ್ರಾಹಕರನ್ನು ತಾನೇ ಹಂಚಿಹಾಕಿತು. ಒಂದನ್ನು ಕೊಂಡವನು ಮತ್ತೊಂದನ್ನು ಕೊಳ್ಳಬೇಕಾದ ಅಗತ್ಯವಿರಲಿಲ್ಲ. ಮಾರಾಟವಾಗದ ಪ್ರತಿಗಳು ವಿತರಕರಿಂದ ಮರಳಿ ಬಂದವು. ವಿತರಕನ ಉಗ್ರಾಣ ಸೇರಿದ ಸರಕನ್ನು ಮಾರಾಟವಾದ ಸರಕೆಂದು ಬಗೆಯುವ ತಪ್ಪು ಯಾವ ವರ್ತಕನಿಗೂ ಅಪರಿಚಿತವಲ್ಲ. ಇತ್ತ 1993ರಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನ ಆಟ ಅದೇ ಅಂಗಡಿಗಳ ಅದೇ ಗ್ರಾಹಕರನ್ನು ಸೆಳೆಯಿತು. ಕೊನೆಗೆ 1997ರಲ್ಲಿ ಆ ಕಾರ್ಡುಗಳ ತಯಾರಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯೇ ಟಿಎಸ್‌ಆರ್ ಅನ್ನು ಖರೀದಿಸಿತು. 1999ರಲ್ಲಿ ಆ ಸಂಸ್ಥೆಯನ್ನು ಹ್ಯಾಸ್ಬ್ರೊ ಕೊಂಡಿತು. ಗಮನಿಸಬೇಕಾದದ್ದು ಇಷ್ಟೇ: ಹಳೆಯ ಮಾಲೀಕರನ್ನು ಕೊಂಡದ್ದು ಯಂತ್ರದ ಆಟದ ಸಂಸ್ಥೆಯಲ್ಲ, ಕಾಗದದ ಮೇಲೆ ಮುದ್ರಿಸಿದ ಮತ್ತೊಂದು ಮೇಜಿನ ಆಟದ ಸಂಸ್ಥೆ.

ಪರವಾನಗಿಯ ಕರಾರು

ಹೊಸ ಮಾಲೀಕರು 2000ದಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟರು. ಆಟದ ಮೂಲ ನಿಯಮಗಳನ್ನು ಶುಲ್ಕವಿಲ್ಲದೆ ಬಳಸಿ ಯಾರು ಬೇಕಾದರೂ ಪೂರಕ ಪುಸ್ತಕಗಳನ್ನು ಮಾರಲು ಮುಕ್ತ ಪರವಾನಗಿ ನೀಡಿದರು. ಅನೇಕ ಸಣ್ಣ ಪ್ರಕಾಶಕರು ಇದರ ಆಸರೆಯಲ್ಲಿ ತಲೆಯೆತ್ತಿದರು. 2008ರ ನಾಲ್ಕನೆಯ ಆವೃತ್ತಿಗೆ ಆ ಪರವಾನಗಿಯನ್ನು ವಿಸ್ತರಿಸದಿದ್ದಾಗ, ಪೈಜೋ ಎಂಬ ಸಂಸ್ಥೆ ಹಳೆಯ ನಿಯಮಗಳ ಮೇಲೆಯೇ 2009ರಲ್ಲಿ ‘ಪಾಥ್‌ಫೈಂಡರ್’ ಎಂಬ ಪ್ರತಿಸ್ಪರ್ಧಿ ಆಟವನ್ನು ಹೊರತಂದಿತು.

2023ರ ಜನವರಿಯಲ್ಲಿ ಹೊಸ ಪರವಾನಗಿಯ ಕರಡೊಂದು ಬಹಿರಂಗವಾಯಿತು. ವಾರ್ಷಿಕ ವರಮಾನ 7,50,000 ಡಾಲರ್ ಮೀರಿದ ಪ್ರಕಾಶಕರು ಮೀರಿದ ಮೊತ್ತದ ಮೇಲೆ ಶೇ. 25ರವರೆಗೆ ಗೌರವಧನ ಸಲ್ಲಿಸಬೇಕೆಂಬ ಷರತ್ತು ಅದರಲ್ಲಿತ್ತು. ಎರಡು ದಶಕ ಕಾಲ ಒಂದು ಮಾತನ್ನು ನಂಬಿ ಬಂಡವಾಳ ಹೂಡಿದವರಿಗೆ ಇದು ಬದುಕಿನ ಪ್ರಶ್ನೆಯಾಯಿತು. ಆಟಗಾರರೂ ಪ್ರಕಾಶಕರೂ ಒಟ್ಟಾಗಿ ಪ್ರತಿಭಟಿಸಿದ ಫಲವಾಗಿ ಅದೇ ತಿಂಗಳ ಕೊನೆಯಲ್ಲಿ ಸಂಸ್ಥೆಯು ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ದೊಡ್ಡ ಕಾರ್ಖಾನೆಯೊಂದರ ಬಿಡಿಭಾಗ ತಯಾರಿಸಿಕೊಡುವ ಸಣ್ಣ ಉದ್ಯಮಿಗೆ ಈ ಪ್ರಸಂಗ ದೂರದ್ದೆನಿಸಲಾರದು. ಕರಾರನ್ನು ರದ್ದುಪಡಿಸುವ ಹಕ್ಕು ಯಾರಿಗಿದೆ, ಯಾವಾಗ ಇದೆ ಎಂಬ ಒಂದು ಸಾಲನ್ನು ಸಹಿಗೆ ಮುನ್ನ ಓದುವುದು ಅನಂತರ ವಕೀಲರನ್ನು ಹುಡುಕುವುದಕ್ಕಿಂತ ಅಗ್ಗ.

ಎರಡೂ ಒಂದೇ ಮಾರುಕಟ್ಟೆಯಲ್ಲಿ

ಅದೇ 2023ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲೇರಿಯನ್ ಸಂಸ್ಥೆ ಈ ಮೇಜಿನ ಆಟದ ನಿಯಮಗಳನ್ನೇ ಪರವಾನಗಿ ಪಡೆದು ಅಳವಡಿಸಿಕೊಂಡ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರ್ ಆಟವನ್ನು ಬಿಡುಗಡೆ ಮಾಡಿತು. ಅದು ಆ ವರ್ಷದ ‘ದ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಆಟವೆಂಬ ಪ್ರಶಸ್ತಿಗೆ ಪಾತ್ರವಾಯಿತು. ಆಟಗಾರನಿಗೆ ಎಷ್ಟು ಮಾರ್ಗಗಳನ್ನು ತೆರೆದಿಡಬಹುದು ಎಂಬುದೇ ಅದರ ಹೆಗ್ಗಳಿಕೆ. ಮೇಜಿನ ಬಳಿ ನಿರ್ವಾಹಕನೊಬ್ಬ ಒಂದು ಸಂಜೆ ಕೊಡುವ ಸ್ವಾತಂತ್ರ್ಯಕ್ಕೆ ಸಮೀಪವಾದದ್ದನ್ನು ಕೊಡಲು ಯಂತ್ರಕ್ಕೆ ನೂರಾರು ಮಂದಿಯ ಹಲವು ವರ್ಷಗಳ ದುಡಿಮೆ ಬೇಕಾಯಿತು. ಇತ್ತ ಮೇಜಿನ ಆಟವೂ ಯಂತ್ರವನ್ನು ದೂರವಿಟ್ಟಿಲ್ಲ. ಬೇರೆ ಬೇರೆ ಊರುಗಳಲ್ಲಿರುವ ಗೆಳೆಯರು ಇಂದು ಪರದೆಯ ಮೂಲಕ ಒಂದೇ ಮೇಜಿಗೆ ಕೂರುತ್ತಾರೆ.

ಯಂತ್ರದೊಡನೆ ಯಂತ್ರದ ಬಲದಲ್ಲಿಯೇ ಸೆಣಸಹೊರಟ ಸಣ್ಣ ಉದ್ಯಮ ಉಳಿಯಲಾರದು. ತನ್ನ ಸರಕಿನಲ್ಲಿ ಲೆಕ್ಕದ ಭಾಗ ಯಾವುದು, ವಿವೇಚನೆಯ ಭಾಗ ಯಾವುದು ಎಂದು ಬೇರ್ಪಡಿಸಿ, ಮೊದಲನೆಯದನ್ನು ಯಂತ್ರಕ್ಕೆ ಬಿಟ್ಟು ಎರಡನೆಯದಕ್ಕೆ ಬೆಲೆ ಕಟ್ಟಬಲ್ಲ ವರ್ತಕನಿಗೆ ಮಾತ್ರ ಭಯಕ್ಕೆ ಕಾರಣವಿಲ್ಲ. ದಾಸ್ತಾನಿನ ಮೇಲೆ ಕಣ್ಣು ಮತ್ತು ಕರಾರಿನ ಮೇಲೆ ಎಚ್ಚರ ಇಲ್ಲದಿದ್ದರೆ ಈ ಜಾಣ್ಮೆಯೂ ಅವನನ್ನು ಕಾಯಲಾರದು.