ಹಾರ ಹಾಕುವ ಮೊದಲು ಬೀರುವಿನ ಬೀಗ ತೆಗೆಯಿರಿ

ಕಾಲೇಜು ಲೈಬ್ರರಿಗಳಲ್ಲಿ ಈಗ ಉಪನ್ಯಾಸ, ಕಾರ್ಯಾಗಾರಗಳಿಗೆ ಬರವಿಲ್ಲ. ಆಗಸ್ಟ್ 12 ಬಂದರೆ ರಂಗನಾಥನ್ ಹುಟ್ಟಿದ ದಿನ ಅಂತ ಗ್ರಂಥಪಾಲಕರ ದಿನ. ಏಪ್ರಿಲ್ 14 ಬಂದರೆ ಬಾಬಾಸಾಹೇಬರ ಫೋಟೋಕ್ಕೆ ಹಾರ. ಆಮೇಲೆ ಬ್ಯಾನರು, ಭಾಷಣ, ಟೀ, ಬಿಸ್ಕತ್ತು, ಗ್ರೂಪ್ ಫೋಟೋ. ಫೋಟೋ ನ್ಯಾಕ್ ಸಮಿತಿಗೆ ತೋರಿಸೋ ಫೈಲಿಗೆ ಹೋಗುತ್ತೆ. ಕೇರಿಯಿಂದ ಬಂದ ಹುಡುಗ ಹುಡುಗಿ ಊರಿನ ಕೊನೇ ಬಸ್ಸಿಗೆ ಓಡುತ್ತಾರೆ.

ಇಂಥ ಕಾರ್ಯಕ್ರಮ ಬೇಡ ಅಂತ ನಾವು ಹೇಳ್ತಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಇದು ಬೇಕಾಗಿರೋದು ನಮಗೇ. ಅಪ್ಪ, ಅಜ್ಜ ಓದಿದ ಮನೆಯ ಮಕ್ಕಳು ಪುಸ್ತಕ ಹುಡುಕೋದನ್ನ, ಅರ್ಜಿ ಬರೆಯೋದನ್ನ, ಎದ್ದುನಿಂತು ಪ್ರಶ್ನೆ ಕೇಳೋದನ್ನ ಊಟಕ್ಕೆ ಕೂತಲ್ಲೇ ಕಲಿತುಬಿಡುತ್ತಾರೆ. ಮೊದಲ ತಲೆಮಾರಿನ ನಮ್ಮ ಹುಡುಗರು ಎಲ್ಲಿ ಕಲಿಯಬೇಕು? ಲೈಬ್ರರಿಯಲ್ಲೇ. ಅಲ್ಲಿ ಕಲಿಸದಿದ್ದರೆ ಇನ್ನೆಲ್ಲೂ ಕಲಿಸುವವರಿಲ್ಲ.

ಬಾಗಿಲು ಎಲ್ಲರಿಗೂ ತೆರೆದೇ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಮಹಾಡದ ಚೌಡಾರ್ ಕೆರೆಯೂ ಹಾಗೇ ತೆರೆದಿತ್ತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದು ಅಂತ ಮುಂಬಯಿ ಶಾಸನಸಭೆ ಠರಾವು ಮಾಡಿದ್ದು 1923ರಲ್ಲಿ. ಮಹಾಡದ ಪುರಸಭೆ ಒಪ್ಪಿದ್ದು 1924ರಲ್ಲಿ. ಆದರೂ ಒಂದು ಬೊಗಸೆ ನೀರು ಮುಟ್ಟಲಿಕ್ಕೆ 1927ರ ಮಾರ್ಚ್ 20ರಂದು ಅಂಬೇಡ್ಕರರ ಹಿಂದೆ ಸಾವಿರಾರು ಜನ ನಡೆದು ಹೋಗಬೇಕಾಯ್ತು. ಕಾಗದದ ಮೇಲೆ ತೆರೆದ ಬಾಗಿಲು ಬೇರೆ, ಕಾಲಿಗೆ ತೆರೆದ ಬಾಗಿಲು ಬೇರೆ.

ಇವತ್ತಿನ ಕೆರೆ ನೋಡಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ಜರ್ನಲುಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಇದು ಜನರ ದುಡ್ಡು, ನಮ್ಮ ಅಪ್ಪ ಅವ್ವಂದಿರ ದುಡ್ಡೂ ಸೇರಿದೆ. ಆದರೆ ಆ ಪುಟ ತೆಗೆಯೋದು ಹೇಗೆ, ಬೇಕಾದ ಲೇಖನ ಹುಡುಕೋದು ಹೇಗೆ ಅಂತ ಹಾಸ್ಟೆಲ್ಲಿನ ಹುಡುಗನಿಗೆ ಕನ್ನಡದಲ್ಲಿ, ಪಕ್ಕದಲ್ಲಿ ಕೂತು, ಯಾರು ತೋರಿಸುತ್ತಾರೆ? ತೋರಿಸದಿದ್ದರೆ ತುಂಬಿದ ಕೆರೆಯ ದಂಡೆಯಲ್ಲೇ ಬಾಯಾರಿಕೆ.

1931ರಲ್ಲಿ ರಂಗನಾಥನ್ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರ ಇಷ್ಟೆ: ಪುಸ್ತಕ ಇರೋದು ಬಳಸಲಿಕ್ಕೆ. ಅವರ ಹೆಸರಲ್ಲಿ ದೀಪ ಹಚ್ಚುವ ಎಷ್ಟೋ ಕಡೆ ಅಂಬೇಡ್ಕರ್ ಬರಹ-ಭಾಷಣಗಳ ಸಂಪುಟಗಳು ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಫೋಟೋ ಹೊರಗೆ, ಮಾತು ಒಳಗೆ. ಇದು ಗೌರವವೋ ಬಂಧನವೋ?

ನಮ್ಮ ಒತ್ತಾಯ ದೊಡ್ಡದೇನಲ್ಲ. ಕಾರ್ಯಾಗಾರ ಬಸ್ಸಿನ ಹೊತ್ತಿಗೆ ಮುಂಚೆ ನಡೆಯಲಿ. ಕನ್ನಡದಲ್ಲಿ ನಡೆಯಲಿ. ಓದಿನ ಮಹತ್ವದ ಬಗ್ಗೆ ಉಪದೇಶ ಸಾಕು. ಪುಸ್ತಕ ಹುಡುಕೋದು, ಸ್ಕಾಲರ್‌ಷಿಪ್ ಅರ್ಜಿ ತುಂಬೋದು, ಟಿಪ್ಪಣಿ ಬರೆಯೋದು ಕೈಹಿಡಿದು ಕಲಿಸಲಿ. ದಲಿತ ಲೇಖಕರನ್ನ, ವಿದ್ವಾಂಸರನ್ನ ಏಪ್ರಿಲ್ ತಿಂಗಳಿಗೆ ಮಾತ್ರ ಕರೆಯೋದು ಬಿಡಲಿ. ಅವರು ಅರ್ಥಶಾಸ್ತ್ರದ ಬಗ್ಗೆಯೂ ಮಾತಾಡಬಲ್ಲರು, ಕಾವ್ಯದ ಬಗ್ಗೆಯೂ ಮಾತಾಡಬಲ್ಲರು.

ಇನ್ನು ನಮ್ಮವರಿಗೊಂದು ಮಾತು. ತಮ್ಮಂದಿರೇ, ತಂಗಿಯರೇ, ಹಿಂದಿನ ಬೆಂಚು ಬಿಡಿ, ಮುಂದೆ ಕೂರಿ. ಭಾಷಣ ಮುಗಿದ ಮೇಲೆ ಚಪ್ಪಾಳೆ ಮಾತ್ರ ಬೇಡ, ಒಂದು ಪ್ರಶ್ನೆ ಕೇಳಿ. ಮಾತು ತಡವರಿಸಿದರೆ ತಡವರಿಸಲಿ. ನಕ್ಕವರು ನಾಳೆ ಉತ್ತರ ಹುಡುಕುತ್ತಾರೆ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಈ ವಾರವೇ ವಿಚಾರಿಸಿ. ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.