ಗೋಡೆಯ ದೊಡ್ಡ ಟೈಲ್ಸ್ ಬೀಳುವುದು ಭಾರದಿಂದಲೇ?

ಹೊಸ ಮನೆಗಳಲ್ಲಿ ಈಗ ಬಚ್ಚಲುಮನೆಯ ಗೋಡೆಗೂ ಎರಡಡಿ ಅಗಲ, ನಾಲ್ಕಡಿ ಉದ್ದದ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ರೂಢಿಯಾಗುತ್ತಿದೆ. ಸಂದುಗಳು ಕಡಿಮೆ, ತೊಳೆಯುವುದು ಸುಲಭ, ನೋಡಲೂ ಚೆಂದ. ಆದರೆ ಕೆಲವು ಮನೆಗಳಲ್ಲಿ ವರ್ಷ, ಎರಡು ವರ್ಷ ಕಳೆಯುವುದರೊಳಗೆ ಟೈಲ್ ಗೋಡೆಯಿಂದ ಕಳಚಿಕೊಳ್ಳುತ್ತದೆ. ಒಡೆದ ಟೈಲಿನ ಅಂಚು ಚಾಕುವಿನಷ್ಟೇ ಹರಿತ. ಸ್ನಾನ ಮಾಡುತ್ತಿರುವವರ ಮೇಲೆ ಬಿದ್ದರೆ ಆಗುವ ಗಾಯ ಸಣ್ಣದಲ್ಲ. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು: "ಅಷ್ಟು ಭಾರದ್ದನ್ನು ಗೋಡೆಗೆ ಹಾಕಿಸಲೇಬಾರದಿತ್ತು." ಇದು ನಿಜವೇ? ಲೆಕ್ಕ ಹಾಕಿ ನೋಡೋಣ.

ಭಾರ ಎಷ್ಟು, ಹಿಡಿತ ಎಷ್ಟು?

60 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ, 9 ಮಿ.ಮೀ. ದಪ್ಪದ ಒಂದು ಟೈಲ್ ಸುಮಾರು 15 ಕಿಲೋ ತೂಗುತ್ತದೆ. ಅದರ ಹಿಂಬದಿಯ ವಿಸ್ತೀರ್ಣ 7,200 ಚದರ ಸೆಂ.ಮೀ. ಅಂದರೆ ಒಂದು ಚದರ ಸೆಂ.ಮೀ. ಜಾಗ ಹೊರಬೇಕಾದ ಭಾರ ಬರೀ 2 ಗ್ರಾಂ! ಯುರೋಪಿನ ಇಎನ್ 12004 ಮಾನದಂಡದ ಪ್ರಕಾರ ಸಾಧಾರಣ ದರ್ಜೆಯ ಟೈಲ್ಸ್ ಅಂಟು ಗಟ್ಟಿಯಾದ ಮೇಲೆ, ಅದನ್ನು ಕೀಳಲು ಪ್ರತಿ ಚದರ ಸೆಂ.ಮೀ.ಗೆ ಕನಿಷ್ಠ ಸುಮಾರು 5 ಕಿಲೋ ಬಲ ಬೇಕು. ಉತ್ತಮ ದರ್ಜೆಯದಕ್ಕೆ 10 ಕಿಲೋ. 2 ಗ್ರಾಂ ಎಲ್ಲಿ, 5 ಕಿಲೋ ಎಲ್ಲಿ? ಸರಿಯಾಗಿ ಅಂಟಿದ ಟೈಲಿಗೆ ತನ್ನ ಭಾರ ಲೆಕ್ಕಕ್ಕೇ ಇಲ್ಲ.

ಭಾರ ತೊಂದರೆ ಕೊಡುವುದು ಅಂಟು ಹಸಿಯಾಗಿರುವ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಆಗ ಟೈಲ್ ಕೆಳಕ್ಕೆ ಜಾರಬಹುದು. ಅದಕ್ಕೇ ಮೊದಲ ಸಾಲಿನ ಕೆಳಗೆ ರಸಮಟ್ಟ ಹಿಡಿದು ಒಂದು ಪಟ್ಟಿ ಬಡಿದು ಆಧಾರ ಕೊಡುತ್ತಾರೆ. ಜಾರದಂತೆ ತಡೆಯುವ ಗುಣವಿರುವ ಅಂಟನ್ನು ಬಳಸುತ್ತಾರೆ.

ಹಾಗಾದರೆ ಬೀಳುವುದೇಕೆ?

ಮೊದಲ ಕಾರಣ ಟೈಲಿನ ಗುಣ. ಹಳೆಯ ಸೆರಾಮಿಕ್ ಗೋಡೆ ಟೈಲ್ಸ್ ತನ್ನ ತೂಕದ 10%ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಸಿಮೆಂಟ್ ಹಾಲು ಅದರ ಸಣ್ಣ ರಂಧ್ರಗಳಿಗೆ ಇಳಿದು, ಅಲ್ಲಿ ಹರಳುಗಟ್ಟಿ, ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವುದು 0.5%ಕ್ಕಿಂತ ಹೆಚ್ಚಿಲ್ಲ. ಹೆಚ್ಚುಕಡಿಮೆ ಗಾಜಿನಂಥ ಮೈ. ಬೇರಿಳಿಯಲು ಜಾಗವೇ ಇಲ್ಲದ ಮೇಲೆ ಬರೀ ಸಿಮೆಂಟ್ ಹಿಡಿಯುವುದು ಹೇಗೆ? ಇದಕ್ಕೆಂದೇ ಪಾಲಿಮರ್ ಬೆರೆಸಿದ ಅಂಟು ಇದೆ. ಅದರಲ್ಲಿರುವ ಪಾಲಿಮರ್ ತೆಳು ಪೊರೆಯಂತಾಗಿ ನುಣುಪು ಮೈಗೂ ಅಂಟಿಕೊಳ್ಳುತ್ತದೆ.

ಎರಡನೆಯ ಕಾರಣ ಗೋಡೆಯ ಚಲನೆ. ಹೊಸ ಗಾರೆ ಒಣಗುತ್ತಾ ಕುಗ್ಗುತ್ತದೆ. ಬಿಸಿನೀರು ಬಿದ್ದಾಗ ಟೈಲ್ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಈ ಎಳೆದಾಟ ಟೈಲ್ ದೊಡ್ಡದಾದಷ್ಟೂ ಹೆಚ್ಚು. ಬಗ್ಗದ ಸಿಮೆಂಟ್ ಇದನ್ನು ತಾಳಲಾರದೆ ಬಿಡುತ್ತದೆ. ಸಂದು ಬಿಡದೆ ಟೈಲ್‌ಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸಿದರೆ ಹಿಗ್ಗಲು ಜಾಗವಿಲ್ಲದೆ ಸಮಸ್ಯೆ ಇನ್ನೂ ಕೆಡುತ್ತದೆ. ಕನಿಷ್ಠ 2 ಮಿ.ಮೀ. ಸಂದು ಬೇಕು. ಗೋಡೆ-ಗೋಡೆ ಸೇರುವ ಮೂಲೆಗಳಲ್ಲಿ ಗ್ರೌಟ್ ಬದಲು ಸಿಲಿಕೋನ್ ತುಂಬಬೇಕು.

ಮೂರನೆಯದು, ಟೈಲಿನ ಹಿಂದೆ ಐದು ಉಂಡೆ ಇಟ್ಟು ಒತ್ತುವ ಅಭ್ಯಾಸ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ, ಅಲ್ಲಿ ನೀರು ಸೇರುತ್ತದೆ. ಅಮೆರಿಕದ ಎಎನ್‌ಎಸ್‌ಐ ಮಾನದಂಡದ ಪ್ರಕಾರ ಟೈಲಿನ ಹಿಂಬದಿಗೆ ಅಂಟು ಒಣ ಜಾಗದಲ್ಲಿ ಕನಿಷ್ಠ 80%, ನೀರು ಬೀಳುವ ಜಾಗದಲ್ಲಿ 95% ತಾಗಿರಬೇಕು.

"ನೀರಲ್ಲಿ ನೆನೆಸಿದರೆ ಗಟ್ಟಿ ಹಿಡಿಯುತ್ತದೆ"

ಇದು ಸೆರಾಮಿಕ್ ಕಾಲದ ಮಾತು. ಒಣ ಟೈಲ್ ಸಿಮೆಂಟಿನ ನೀರನ್ನೇ ಹೀರಿಕೊಂಡುಬಿಡುತ್ತದೆಂದು ಆಗ ನೆನೆಸುತ್ತಿದ್ದರು, ಅದು ಸರಿಯೇ ಆಗಿತ್ತು. ನೀರನ್ನೇ ಹೀರದ ವಿಟ್ರಿಫೈಡ್ ಟೈಲನ್ನು ನೆನೆಸಿದರೆ ಹಿಂಬದಿಯಲ್ಲಿ ನೀರಿನ ಪದರ ಉಳಿದು ಹಿಡಿತ ಕೆಡುತ್ತದೆ, ಅಷ್ಟೇ. ಬದಲಿಗೆ ಹಿಂಬದಿಯಲ್ಲಿರುವ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅಂಟು ಹಿಡಿಯಬೇಕಾದದ್ದು ಟೈಲನ್ನು, ಪುಡಿಯನ್ನಲ್ಲ.

"ಟೈಲ್ಸ್ ಇದ್ದರೆ ಗೋಡೆಗೆ ನೀರು ಇಳಿಯದು"

ಇದೂ ತಪ್ಪು. ಟೈಲ್ ನೀರು ಬಿಡುವುದಿಲ್ಲ, ನಿಜ. ಆದರೆ ಸಂದಿನ ಸಿಮೆಂಟ್ ಗ್ರೌಟ್ ಬಿಡುತ್ತದೆ. ಆದ್ದರಿಂದ ಶವರ್ ಗೋಡೆಗೆ ಟೈಲ್ಸ್ ಹಾಕುವ ಮೊದಲೇ ವಾಟರ್‌ಪ್ರೂಫಿಂಗ್ ಪದರ ಬಳಿದಿರಬೇಕು. ನೀರು ತಾಗಿದರೆ ಮೆತ್ತಗಾಗುವ ಜಿಪ್ಸಮ್ ಪ್ಲಾಸ್ಟರ್ ಅಲ್ಲಿ ಬೇಡ.

ನೀವು ಏನು ನೋಡಬೇಕು?

ಗೋಡೆ ಸಮತಟ್ಟಾಗಿದೆಯೇ ನೋಡಿ. ಹತ್ತಡಿಗೆ 3 ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ಮೊದಲು ಗಾರೆ ಸರಿಮಾಡಿಸಿ. ಅಂಟಿನ ಚೀಲದ ಮೇಲೆ ಭಾರತೀಯ ಮಾನಕ ಐಎಸ್ 15477 ಗುರುತು ಇರಲಿ, ಒದ್ದೆ ಜಾಗದ ಗೋಡೆಯ ವಿಟ್ರಿಫೈಡ್ ಟೈಲ್ಸ್‌ಗೆ ಆಗುತ್ತದೆಂದು ಬರೆದಿರಲಿ. ಹಲ್ಲಿರುವ ಕರಣೆಯಿಂದ ಗೋಡೆಗೆ ಒಂದೇ ದಿಕ್ಕಿನಲ್ಲಿ ಅಂಟು ಎಳೆಯಬೇಕು, ಟೈಲಿನ ಹಿಂಬದಿಗೂ ತೆಳುವಾಗಿ ಸವರಬೇಕು. ಹೀಗಾದರೆ ಒತ್ತಿದಾಗ ನಡುವಿನ ಗಾಳಿ ಹೊರಹೋಗುತ್ತದೆ.

ಕೊನೆಯದಾಗಿ, ಮೊದಲ ಟೈಲ್ ಕೂರಿಸಿದ ಕೂಡಲೇ ಅದನ್ನು ಕಿತ್ತು ಹಿಂಬದಿ ತೋರಿಸಲು ಮೇಸ್ತ್ರಿಗೆ ಹೇಳಿ. ಪೂರ್ತಿ ಅಂಟು ಮೆತ್ತಿಕೊಂಡಿದ್ದರೆ ಕೆಲಸ ಮುಂದುವರಿಯಲಿ. ಈಗಾಗಲೇ ಟೈಲ್ಸ್ ಹಾಕಿಸಿದ್ದೀರಾ? ನಾಣ್ಯದಿಂದ ಮೆಲ್ಲಗೆ ಬಡಿದು ನೋಡಿ. ದೊಡ್ಡ ಭಾಗದಲ್ಲಿ ಟೊಳ್ಳು ಸದ್ದು ಬಂದರೆ ಅಥವಾ ಟೈಲ್ ಹೊರಕ್ಕೆ ಉಬ್ಬಿದ್ದರೆ, ಅದು ತಾನಾಗಿ ಬೀಳುವ ತನಕ ಕಾಯಬೇಡಿ, ತೆಗೆಸಿ ಮತ್ತೆ ಹಾಕಿಸಿ.