ಹರಕೆಯ ದಾರ ಮತ್ತು ಕೇಸ್ ಶೀಟ್

ಕಿಡ್ನಿ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಆ ಕೈಗೆ ಬಿಗಿಯಾದ ಬಳೆ, ವಾಚು, ದಾರ ಯಾವುದೂ ಕೂಡದು. ರಕ್ತದ ಹರಿವು ತಡೆದರೆ ಫಿಸ್ಟುಲಾ ಕೆಡುತ್ತದೆ. ಆದರೆ ಕಾಯಿಲೆಯವರ ಕೈಗೇ ಅಲ್ಲವೇ ಮನೆಯವರು ದೇವರ ದಾರ ಕಟ್ಟುವುದು? ಕಾರವಾರ, ಅಂಕೋಲೆಯ ಕಡೆ ಅದು ಊರದೇವತೆಯ ಗುಡಿಯದಿರಬಹುದು, ಸದಾಶಿವಗಡದ ಶಾ ಕರಮುದ್ದೀನ್ ದರ್ಗಾದ್ದಿರಬಹುದು. ಕತ್ತರಿ ತಂದು ಅದನ್ನು ಕತ್ತರಿಸಿ ಎಸೆಯುವ ನರ್ಸ್ ವೈದ್ಯಶಾಸ್ತ್ರದ ಮಟ್ಟಿಗೆ ಸರಿಯೇ. "ಎಲ್ಲಿಯದಿದು, ಯಾರು ಕಟ್ಟಿದ್ರು? ಬಿಚ್ಚಿ ಇನ್ನೊಂದು ಕೈಗೆ ಕಟ್ಟಿಕೊಡ್ತೇನೆ" ಎನ್ನುವ ನರ್ಸ್ ಫಿಸ್ಟುಲಾವನ್ನೂ ಉಳಿಸುತ್ತಾಳೆ, ರೋಗಿಯ ಧೈರ್ಯವನ್ನೂ ಉಳಿಸುತ್ತಾಳೆ. ಈ ಎರಡನೆಯದೂ ಶುಶ್ರೂಷೆಯ ಭಾಗವೇ ಎಂಬುದು ನನ್ನ ವಾದ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ನರ್ಸ್ ಆಗಿದ್ದವರು. ದೇಹದ ನೋವಿನ ಜೊತೆ ಮನಸ್ಸಿನ, ಸಂಸಾರದ, ಆತ್ಮದ ನೋವೂ ಹೆಣೆದುಕೊಂಡಿರುತ್ತದೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ ಎಂದು ಅವರು ಹೇಳಿದ್ದು ಸಾವಿನ ಸಮೀಪವಿದ್ದವರನ್ನು ನೋಡಿಕೊಳ್ಳುತ್ತ. ದೀರ್ಘ ಕಾಯಿಲೆಯವರಿಗೆ ಆ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂದು ನನಗನಿಸುತ್ತದೆ. ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ತಾಸಿನಷ್ಟು ಯಂತ್ರದ ಪಕ್ಕ ಮಲಗಿ ವರ್ಷಗಳನ್ನು ಕಳೆಯಬೇಕಾದವರಿಗೆ "ನನಗೇ ಯಾಕೆ ಬಂತು, ಯಾವ ಪಾಪ ಮಾಡಿದ್ದೆ" ಎಂಬ ಪ್ರಶ್ನೆ ಒಮ್ಮೆ ಬಂದು ಹೋಗುವಂಥದ್ದಲ್ಲ.

ಆ ಪ್ರಶ್ನೆಗೆ ನರ್ಸ್ ಉತ್ತರ ಕೊಡಬೇಕಾಗಿಲ್ಲ. "ಹಣೆಬರಹ" ಎನ್ನುವುದೂ ತಪ್ಪು, "ಮೂಢನಂಬಿಕೆ ಬಿಡಿ" ಎನ್ನುವುದೂ ತಪ್ಪು. ತನ್ನ ಧರ್ಮವನ್ನು ರೋಗಿಯ ಮುಂದೆ ಹರಡುವುದಂತೂ ಅಕ್ಷಮ್ಯ. ಹಾಸಿಗೆಯಲ್ಲಿರುವವರು ಎದ್ದು ಹೋಗಲಾರರು. ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಸಾಕು, ಕಾರವಾರದ ಮುದುಕಿಯ ಮಾತನ್ನು ಅವಳ ಕೊಂಕಣಿಯಲ್ಲೇ ಕೇಳಿಸಿಕೊಂಡರಂತೂ ಇನ್ನೂ ಒಳ್ಳೆಯದು.

ಸರಕಾರಿ ಆಸ್ಪತ್ರೆಯಲ್ಲಿ ದೇವರ ಮಾತೇಕೆ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ದೇವರು ಇಲ್ಲಿ ಪಥ್ಯದ ಮೂಲಕವೇ ವಾರ್ಡಿಗೆ ಬಂದುಬಿಟ್ಟಿರುತ್ತಾನೆ. ಪ್ರಸಾದದ ಬಾಳೆಹಣ್ಣು, ಎಳನೀರು ಎರಡರಲ್ಲೂ ಪೊಟ್ಯಾಶಿಯಂ ಹೆಚ್ಚು. ಕಿಡ್ನಿ ಸೋತವರಿಗೆ ಅದು ಹೃದಯಕ್ಕೇ ಅಪಾಯ. ಒಂದು ಉದ್ಧರಣೆ ತೀರ್ಥ ಪರವಾಗಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಹರಕೆಯೆಂದು ಬಿಸಿಲಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ. ರಂಜಾನಿನಲ್ಲಿ ಉಪವಾಸ ಹಿಡಿಯುವವರ ಇನ್ಸುಲಿನ್ ಹೊತ್ತು, ಪ್ರಮಾಣ ಮೊದಲೇ ವೈದ್ಯರ ಹತ್ತಿರ ಗೊತ್ತುಮಾಡಿಕೊಳ್ಳಬೇಕು. ಬೈದರೆ ಇದನ್ನೆಲ್ಲ ರೋಗಿ ಮುಚ್ಚಿಡುತ್ತಾನೆ. ಭಕ್ತಿಯನ್ನು ಗೌರವಿಸಿ ಕೇಳಿದವಳಿಗೆ ಮಾತ್ರ ನಿಜ ಹೇಳುತ್ತಾನೆ.

ಈ ಕರಾವಳಿಯಲ್ಲಿ ನಂಬಿಕೆ ಜಾಗಕ್ಕೂ ಅಂಟಿಕೊಂಡಿದೆ. ಪ್ರತಿವರ್ಷ ದೋಣಿಯಲ್ಲಿ ಕೂರ್ಮಗಡದ ನರಸಿಂಹನ ಜಾತ್ರೆಗೆ ಹೋಗುತ್ತಿದ್ದ ಮೀನುಗಾರನಿಗೆ ಈಗ ದಡದಲ್ಲೇ ಉಳಿಯಬೇಕಾದದ್ದು ಕಾಯಿಲೆಯಷ್ಟೇ ದೊಡ್ಡ ನಷ್ಟ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ಎರಡೂ ತಾಲ್ಲೂಕುಗಳ ಹಲವು ಹಳ್ಳಿಗಳು ತೆರವಾದವು. ಅಲ್ಲಿಂದ ಎದ್ದು ಬಂದು ಪುನರ್ವಸತಿಯ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರು ಹಳೆಯ ಊರಿನ ದೇವರನ್ನು ನೆನೆದರೆ, ಆ ಸಂಕಟವನ್ನು ಖಿನ್ನತೆ ಎಂದಷ್ಟೇ ಬರೆದು ಗುಳಿಗೆ ಕೊಟ್ಟರೆ ಮುಗಿಯುವುದಿಲ್ಲ.

ನರ್ಸ್‌ಗಳಿಗೆ ಪುರಸೊತ್ತೆಲ್ಲಿದೆ ಎನ್ನುವುದು ಎರಡನೆಯ ಆಕ್ಷೇಪ. ಇದು ಪೂರ್ತಿ ನಿಜ. ಇಂಜೆಕ್ಷನ್, ರಿಜಿಸ್ಟರ್, ರಾತ್ರಿ ಪಾಳಿಗಳ ನಡುವೆ ಕರುಣೆಯನ್ನು ಅವಳ ಒಳ್ಳೆಯತನಕ್ಕೆ ಬಿಟ್ಟುಬಿಡುವುದು ಅನ್ಯಾಯ. ಹಾಗಾಗಿ ನಾನು ಬಯಸುವುದು ಎರಡನ್ನು. ಪ್ರತಿ ಪಾಳಿಗೂ ಇನ್ನಷ್ಟು ನರ್ಸ್‌ಗಳು ಬೇಕು. ದೀರ್ಘ ಕಾಯಿಲೆಯವರ ಕೇಸ್ ಶೀಟಿನಲ್ಲಿ ಅಲರ್ಜಿಯ ಪ್ರಶ್ನೆಯ ಕೆಳಗೇ ಇನ್ನೊಂದು ಸಾಲು ಬೇಕು: ಕಷ್ಟದಲ್ಲಿ ನಿಮಗೆ ಯಾವುದು ಆಸರೆ? ಉತ್ತರ ದೇವರೇ ಆಗಬೇಕೆಂದಿಲ್ಲ. ಮೊಮ್ಮಗಳು ಎನ್ನಬಹುದು, ಸಮುದ್ರ ಎನ್ನಬಹುದು, ಏನೂ ಇಲ್ಲ ಎಂದೂ ಹೇಳಬಹುದು. ಏನೂ ಇಲ್ಲ ಎಂದವರ ಹಾಸಿಗೆಯ ಹತ್ತಿರ ಮುಂದಿನ ಪಾಳಿಯವಳು ಮೊದಲು ಹೋಗಲಿ.